ದನಿ ಏರಿಸದ ಸೊಸೆ

ಟಿಕೋಟಾ ದಾರಿಯ ಒಂದಾನೊಂದು ಊರಿನಲ್ಲಿ ದನಿ ಏರಿಸುವುದೇ ಗೊತ್ತಿಲ್ಲದ ಸೊಸೆಯೊಬ್ಬಳಿದ್ದಳು. ಹೆಸರು ಶೈಲಶ್ರೀ. ಅವಳ ಮಡಿಲಲ್ಲಿ ಇಪ್ಪತ್ತು ದಿನದ ಕೂಸು. ಅದರ ಕಣ್ಣೆಲ್ಲ ಹಳದಿ. ಎದುರಿಗೆ ಅತ್ತೆ ಕಾಳವ್ವ ಒಲೆಯ ಕೆಂಡದಲ್ಲಿ ಬಳೆಯ ಚೂರು ಕಾಯಿಸುತ್ತಿದ್ದಳು.

"ಹೊಟ್ಟಿ ಮ್ಯಾಲ ಒಂದ ಬರಿ ಕೊಟ್ರ ಕಾಮಾಲಿ ಓಡಿಹೋಗ್ತದ. ನಿನ್ನ ಗಂಡಗೂ ನಾನ ಕೊಟ್ಟೇನಿ, ಸತ್ತಾನೇನು? ಅರಿವಿ ಸರಸ ಬೇ."

ಬರೆ ಹಾಕಲು ಬಿಡದೆ ಕೂಸನ್ನು ವಿಜಯಪುರದ ಆಸ್ಪತ್ರೆಗೆ ತರುತ್ತೇನೆಂದು ಶೈಲಶ್ರೀ ನಿನ್ನೆಯೇ, ಕೂಸನ್ನು ನೋಡಲು ಮನೆಗೆ ಬಂದಿದ್ದ ಅಲ್ಲಿಯ ನರ್ಸಬಾಯಿಗೆ ಮಾತು ಕೊಟ್ಟಿದ್ದಳು. ಆದರೆ ಅತ್ತೆಯ ಮುಂದೆ ಅವಳ ಬಾಯಿಂದ ಈತನಕ "ಹೂಂರಿ" ಬಿಟ್ಟು ಬೇರೇನೂ ಬಂದಿರಲಿಲ್ಲ.

"ಅತ್ತೀ, ಒಂದೀಟ ತಡೀರಿ..."

"ಸುಮ್ನ ಕಾಲ ಹಿಡಿ!" ಕಾಳವ್ವ ಕೆಂಪಗೆ ಕಾದ ಚೂರನ್ನು ಚಿಮಟಿಗೆಯಲ್ಲಿ ಎತ್ತಿದಳು. ಕಾವು ತಾಗಿ ಕೂಸು ಕಾಲು ಮಡಚಿಕೊಂಡಿತು.

"ಮುಟ್ಟಿದ್ರ ನಿಮ್ಮ ಕೈ ಮುರದು ಅದ ಒಲಿಗಿ ಹಾಕ್ತೇನ್ರಿ!"

ಅಂಗಳದ ಕೋಳಿಗಳು ಚದುರಿದವು. ಕಾಳವ್ವನ ಕೈ ಗಾಳಿಯಲ್ಲೇ ನಿಂತಿತು. "ಯವ್ವಾ, ಇಂಥಾ ಬಾಯಿ ಎಲ್ಲಿ ಮುಚ್ಚಿಟ್ಟಿದ್ದಿ ಬೇ?"

ಶೈಲಶ್ರೀಗೂ ಅದು ಗೊತ್ತಿರಲಿಲ್ಲ. ಕೂಸಿಗೆ ದುಪಟಿ ಸುತ್ತಿ, ತಿರುಗಿ ನೋಡಲು ಧೈರ್ಯ ಸಾಲದೆ ರಸ್ತೆಗೆ ಓಡಿ, ವಿಜಯಪುರದ ಬಸ್ಸು ಹತ್ತಿದಳು. ಮಧ್ಯಾಹ್ನದ ಹೊತ್ತಿಗೆ, ಕಲೆಯಿಲ್ಲದ ಹೊಟ್ಟೆಯ ಕೂಸನ್ನು ನರ್ಸಬಾಯಿಯ ಕೈಗಿಟ್ಟಳು.