ಉಬ್ಬರದ ಹೊತ್ತು

ಗದಿಗೆಪ್ಪ ತಿರುಗಿ ನೋಡಿದಾಗ ಮಗಳಿರಲಿಲ್ಲ.

ಜುಹೂ ಕಡಲ ದಂಡೆಯ ಮೇಲೆ ರವಿವಾರದ ಸಂಜೆಯ ಜನ ಅಲ್ಲಲ್ಲಿ ಗುಂಪಾಗಿ ಕೂತಿದ್ದರು. ಈಗಷ್ಟೇ ಪಕ್ಕದಲ್ಲಿ ನಡೆಯುತ್ತಿದ್ದಳಲ್ಲ? ಈಗಷ್ಟೇ ಎಂದರೆ ಯಾವಾಗ? ಹೊಳೆಯಲಿಲ್ಲ. ಪಾರ್ಲೆಯ ಚಾಳಿನಿಂದ ಹೊರಟಾಗಿನಿಂದ ಅವನ ತುಟಿ ರೈಲ್ವೆಯ ನಿಯಮಗಳನ್ನು ಮಣಮಣಿಸುತ್ತಲೇ ಇತ್ತು. ನಾಳೆ ಹೆಡ್ ಕ್ಲಾರ್ಕ್ ಪರೀಕ್ಷೆ. ಪಾಸಾದರೆ ಕ್ವಾರ್ಟರ್ಸು, ಅದಕ್ಕೊಂದು ಗಾಳಿ ಬರುವ ಕಿಟಕಿ, ಕಿಟಕಿಯ ಹತ್ತಿರ ಕೂತು ಓದುವ, ದೊಡ್ಡವಳಾದ ಮಗಳು ಚನ್ನಿ. ಆ ದೊಡ್ಡ ಚನ್ನಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ನಡೆದವನಿಗೆ ಆರು ವರ್ಷದ ಚನ್ನಿಯ ಕೈ ಎಲ್ಲಿ ತಪ್ಪಿತೋ ತಿಳಿದಿರಲಿಲ್ಲ.

"ಚನ್ನೀ! ಏ ಚನ್ನೀ!"

ತೆರೆಗಳ ಸದ್ದು ಕೂಗನ್ನು ನುಂಗಿತು. ಬರುವಾಗ ದೂರದಲ್ಲಿದ್ದ ನೀರು ಈಗ ಅವನ ಚಪ್ಪಲಿಯನ್ನು ತೋಯಿಸುತ್ತಿತ್ತು. ಅವನು ಎಳನೀರು ಮಾರುವವನ ಹತ್ತಿರ ಓಡಿದ.

"ಭಾಯಿ, ಛೋಟಿ ಲಡಕಿ ದೇಖಾ?" ಪುಟ್ಟ ಹುಡುಗಿಯನ್ನು ಕಂಡೆಯಾ ಎಂದ.

"ಕಪಡಾ ಕೌನ್ಸಾ?" ಯಾವ ಬಣ್ಣದ ಬಟ್ಟೆ ಎಂದು ಅವನು ಕೇಳಿದ.

ಗದಿಗೆಪ್ಪ ಬಾಯಿ ತೆರೆದ. ಕೆಂಪು ಲಂಗವೇ? ಹಸಿರು ಫ್ರಾಕೇ? ಜಡೆಯಿತ್ತೇ, ರಿಬ್ಬನ್ನಿತ್ತೇ? ನಿಯಮಗಳು ಒಂದರ ಹಿಂದೊಂದು ತಲೆಯೊಳಗೆ ಓಡಿಬಂದವು, ಮಗಳು ಬರಲಿಲ್ಲ.

"ಮಾಲೂಮ್ ನಹೀಂ," ಗೊತ್ತಿಲ್ಲ ಎಂದ.

ಎಳನೀರಿನವನ ಕಣ್ಣು ಕಿರಿದಾಯಿತು. "ತುಮ್ಹಾರೀ ಹೀ ಬೇಟಿ ಹೈ ನಾ?"

ನಿನ್ನ ಮಗಳೇ ತಾನೆ? ಗದಿಗೆಪ್ಪ ಆಗಲೇ ನೀರಿನತ್ತ ತಿರುಗಿದ್ದ. ನೀರಿನಲ್ಲಿ ಕೆಂಪಗೆ ಏನೋ ತೇಲುತ್ತಿತ್ತು. ಧೋತರ ಸಮೇತ ಸೊಂಟದವರೆಗೆ ನುಗ್ಗಿದ. ಒಂದು ತೆರೆ ಮುಖಕ್ಕೆ ಬಡಿಯಿತು, ಉಪ್ಪು ಗಂಟಲಿಗಿಳಿಯಿತು. ಕಣ್ಣು ಮುಚ್ಚಿಕೊಂಡೇ ಕೈ ಚಾಚಿದ. ಸಿಕ್ಕಿದ್ದು ಯಾವುದೋ ದೋಣಿಯ ಹರಿದ ಬಾವುಟ. ಅದನ್ನು ಎದೆಗೊತ್ತಿಕೊಂಡು ಅಲ್ಲೇ ನಿಂತ.

ದಂಡೆಯಿಂದ ಎಳನೀರಿನವನು ಕೂಗುತ್ತಿದ್ದ. ಅವನು ಕೈ ತೋರಿಸಿದ ಕಡೆ, ತಾನು ನಡೆದುಬಂದ ದಾರಿಯಲ್ಲೇ ಬಹಳ ಹಿಂದೆ, ಮರಳಿನ ದಿಬ್ಬದ ಮೇಲೆ ಒಂದು ಪುಟ್ಟ ಆಕೃತಿ ಕುಕ್ಕರಗಾಲಿನಲ್ಲಿ ಕೂತಿತ್ತು. ದಿಬ್ಬದ ಸುತ್ತ ನೀರು ಏರಿ ಬಂದಿತ್ತು.

ಗದಿಗೆಪ್ಪ ಬಿದ್ದು ಎದ್ದು ಓಡಿದ. ನೀರು ದಾಟಿ ಮಗಳನ್ನು ಎತ್ತಿಕೊಂಡಾಗ ಅವನಿಗೆ ಉಸಿರು ಸಾಲದಾಗಿತ್ತು.

"ಇಲ್ಲಿ ಯಾಕ ಕುಂತಿ? ನನ್ನ ಹಿಂದ ಬರಬೇಕಿಲ್ಲೇನ?"

"ಚಪ್ಲಿ ಹರಿತು. ಅಪ್ಪಾ, ನಿಂದ್ರು ಅಂದೆ," ಎಂದಳು ಚನ್ನಿ. "ನೀ ಹೂಂ ಅಂದಿ. ಮತ್ತ ಹೋಗಿಬಿಟ್ಟಿ."

ಒಣ ಮರಳಿನ ಮೇಲೆ ಅವನು ಕುಸಿದು ಕೂತ. ನಾಳೆಯ ಪರೀಕ್ಷೆ ನಾಳೆ ಇದ್ದೇ ಇತ್ತು. ಅವನು ಹೋಗುವವನೇ, ಬರೆಯುವವನೇ. ಆದರೆ ಈಗ ಎರಡೂ ಕೈಯಲ್ಲಿ ಮಗಳ ಮುಖ ಹಿಡಿದು, ಯಾರೋ ಮತ್ತೆ ಗುರುತು ಕೇಳುತ್ತಾರೆ ಎಂಬಂತೆ ನೋಡತೊಡಗಿದ. ರೆಪ್ಪೆಗೆ ಅಂಟಿದ ಮರಳು. ಹುಬ್ಬಿನ ಪಕ್ಕ ಸಣ್ಣ ಮಚ್ಚೆ. ಅಪ್ಪ ಹಾಗೆ ನೋಡುವುದು ಕಂಡು ಚನ್ನಿಗೆ ನಗು ಬಂತು. ಮೇಲಿನ ಸಾಲಿನಲ್ಲಿ ಒಂದು ಹಲ್ಲಿರಲಿಲ್ಲ.

"ಈ ಹಲ್ಲು ಯಾವಾಗ ಬಿತ್ತವ್ವಾ?"

ಚನ್ನಿ ನಗುವುದನ್ನು ನಿಲ್ಲಿಸಿದಳು.

"ಮೊನ್ನಿ ನೀನ ದಾರಾ ಕಟ್ಟಿ ಕಿತ್ತಿಯಲ್ಲ, ಅಪ್ಪಾ?"