ಕೆರೆತವಿಲ್ಲದ ಕಜ್ಜಿ

ಮುದ್ದೆ ಬಡಿಸಲು ಬಗ್ಗಿದ ಬೋರಕ್ಕ ಗಂಡನ ಅಂಗೈ ನೋಡಿ ಹಾಗೇ ನಿಂತುಬಿಟ್ಟಳು. ತಾಮ್ರದ ಬಣ್ಣದ ಚುಕ್ಕೆಗಳು ಅಂಗೈ ತುಂಬ ಎದ್ದಿದ್ದವು. ಕಾಲು ಮಡಿಸಿ ಕೂತಿದ್ದರಿಂದ ಅಂಗಾಲಿನಲ್ಲೂ ಅವೇ ಕಂಡವು.

"ಇದೇನಿದು?"

"ಕುರಿ ಕಜ್ಜಿ ಕಣೇ. ಉಣ್ಣೆ ಕತ್ತರಿಸ್ತಿದ್ನಲ್ಲ, ಹತ್ಕಂಡೈತೆ," ಎಂದ ಜಂಪಣ್ಣ.

"ಕೆರೆಯುತ್ತಾ?"

"ಇಲ್ಲ."

ಬೋರಕ್ಕ ಕುರಿಗಳ ನಡುವೆಯೇ ಹುಟ್ಟಿ ಬೆಳೆದವಳು. ಕಜ್ಜಿ ಹತ್ತಿದ ಕುರಿ ಮೇವು ಬಿಟ್ಟು ಕಲ್ಲಿಗೋ ಬೇಲಿಗೋ ಮೈ ಉಜ್ಜುತ್ತಾ ನಿಲ್ಲುವುದನ್ನು ಎಷ್ಟೋ ಸಲ ನೋಡಿದ್ದಳು. ಈ ಮಹಾರಾಯ ಮಾತ್ರ ಒಮ್ಮೆಯೂ ಕೈ ಕೆರೆದುಕೊಳ್ಳದೆ ನೆಮ್ಮದಿಯಾಗಿ ಮುದ್ದೆ ನುಂಗುತ್ತಿದ್ದ. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಒಳಗಿನ ಕೂಸು ಈಚೆಗಷ್ಟೇ ಒದೆಯಲು ಕಲಿತಿತ್ತು. ಬೆಳಿಗ್ಗೆ ಹಿರಿಯೂರು ಆಸ್ಪತ್ರೆಗೆ ಹೋಗಾಣ, ಹೊಟ್ಟೆ ತೋರಿಸಬೇಕು ಎಂದಳು. ತೋರಿಸಬೇಕಾದದ್ದು ಅವಳ ಹೊಟ್ಟೆಯಾದ್ದರಿಂದ ಜಂಪಣ್ಣನೂ ಧಾರಾಳವಾಗಿ ಹೂಂ ಅಂದ.

ಲೇಡಿ ಡಾಕ್ಟರ್ ಮಹಾದೇವಮ್ಮ ಹೊಟ್ಟೆ ನೋಡಿ ಮುಗಿಸಿದ್ದೇ ತಡ, ಬೋರಕ್ಕ ಗಂಡನ ಕೈ ಹಿಡಿದು ಮೇಜಿನ ಮೇಲಿಟ್ಟಳು. ಡಾಕ್ಟರು ಆ ಚುಕ್ಕೆಗಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. "ನೀನು ಸ್ವಲ್ಪ ಹೊರಗೆ ಕೂತ್ಕೋತೀಯೇನಮ್ಮ?" ಎಂದರೆ ಬೋರಕ್ಕ ಅಲ್ಲಾಡಲಿಲ್ಲ.

"ಇರ್ಲಿ ಬಿಡ್ರಮ್ಮ, ಮುಚ್ಚಿಡೋದೇನೈತೆ," ಎಂದ ಜಂಪಣ್ಣ.

"ಉಚ್ಚೆ ಹೊಯ್ಯುವಾಗ ಉರಿ ಇದೆಯೇನಪ್ಪ?"

"ಇಲ್ರಮ್ಮ."

"ಕೀವು ಬರುತ್ತಾ?"

"ಇಲ್ರಮ್ಮ!" ಪರೀಕ್ಷೆಯಲ್ಲಿ ಪಾಸಾಗುತ್ತಿದ್ದೇನೆಂದು ಅವನ ದನಿ ಏರುತ್ತಲೇ ಹೋಯಿತು.

"ಈಗ್ಗೆ ಒಂದೆರಡು ತಿಂಗಳ ಹಿಂದೆ ಆ ಜಾಗದಲ್ಲಿ ಹುಣ್ಣು ಆಗಿತ್ತಾ? ನೋವಿಲ್ಲದ ಹುಣ್ಣು?"

ಜಂಪಣ್ಣ ಹೆಂಡತಿಯ ಕಡೆ ನೋಡಿದ, ನೆಲ ನೋಡಿದ. "ಆಗಿತ್ರಮ್ಮ. ದಾವಣಗೆರೆ ಕಡೆ ಗದ್ದೆ ಗೊಬ್ಬರಕ್ಕೆ ಅಂತ ಕುರಿ ಮಂದೆ ತರುಬಿ ನಿಲ್ಸಕ್ಕೆ ಹೋಗಿದ್ವಿ. ಅಲ್ಲಿ ಒಂದಿನ ಸಂತೆಗೆ ಹೋದಾಗ..." ಎಂದವನು ಉಳಿದದ್ದನ್ನು ನುಂಗಿಕೊಂಡ. "ಆದ್ರೆ ಮಾಯ್ತು. ಕುರಿ ಗಾಯಕ್ಕೆ ಹಾಕೋ ಎಣ್ಣೆ ಹಚ್ಚಿದ್ದೆ. ಟಗರಿಗೆ ಗಾಯ ಆದ್ರೆ ಬ್ಯಾರೆ ಕಟ್ತೀವಿ, ಮಾಯ್ದ ಮ್ಯಾಲೆ ಹಿಂಡಿಗೆ ಬಿಡ್ತೀವಲ್ರಮ್ಮ. ನಾನೂ ಹಂಗೇ ಪೂರ್ತಿ ಮಾಯೋವರ್ಗೂ ಊರಿಗೇ ಬರ್ಲಿಲ್ಲ. ಬೇಕಾದ್ರೆ ಇವ್ಳನ್ನೇ ಕೇಳ್ರಿ."

"ನಿನ್ನ ಎಣ್ಣೆಗೆ ಮಾಯಲಿಲ್ಲಪ್ಪ. ಏನೂ ಹಚ್ಚದಿದ್ರೂ ಆ ಹುಣ್ಣು ತಾನೇ ಮಾಯುತ್ತೆ. ರೋಗ ರಕ್ತದಲ್ಲಿ ಉಳಿಯುತ್ತೆ, ಸಿಫಿಲಿಸ್ ಅಂತಾರೆ. ಆಮೇಲೆ ಹೀಗೆ ಅಂಗೈ ಅಂಗಾಲಲ್ಲಿ ಬರುತ್ತೆ, ಕೆರೆತ ಇರಲ್ಲ. ಇದೂ ಹೋಗುತ್ತೆ. ಹೋಯ್ತಲ್ಲ ಅಂತ ಸುಮ್ಮನಿದ್ದರೆ ಮಾತ್ರ ಕೆಟ್ಟೆ. ಸಂಬಂಧ ಮಾಡಿದವರಿಗೂ ಅಂಟುತ್ತೆ."

ಬೋರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ, ಡಾಕ್ಟರ ಎದುರೇ, ಗಂಡನ ಕೊರಳಪಟ್ಟಿ ಹಿಡಿದು ಜಗ್ಗಬೇಕು ಅನ್ನಿಸಿತು. ಆದರೆ ಬಾಯಿಂದ ಬಂದದ್ದು ಒಂದೇ ಮಾತು. "ಕೂಸು?"

"ಇಬ್ಬರದೂ ರಕ್ತ ನೋಡೋಣ. ನಿನಗೂ ಅಂಟಿದ್ರೆ ಪೆನ್ಸಿಲಿನ್ ಸೂಜಿ ಇದೆ. ತಾಯಿಗೆ ಹಾಕಿದ್ದು ಹೊಟ್ಟೆಯಲ್ಲಿರೋ ಕೂಸಿಗೂ ತಲುಪುತ್ತೆ. ಬೇಗ ಬಂದದ್ದು ಬಹಳ ಒಳ್ಳೇದಾಯ್ತು ಕಣಮ್ಮ." ಆಮೇಲೆ ಜಂಪಣ್ಣನ ಕಡೆ ತಿರುಗಿದರು. "ಆವತ್ತು ಸಂತೆಗೆ ನಿನ್ನ ಜೊತೆ ಇನ್ಯಾರಾದ್ರೂ ಬಂದಿದ್ರಾ?"

"ಇಲ್ರಮ್ಮ," ಎಂದ ಜಂಪಣ್ಣ ಸೂರು ನೋಡುತ್ತಾ. ಅವನು ಯಾವಾಗ ಸೂರು ನೋಡುತ್ತಾನೆಂದು ಬೋರಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಇಬ್ಬರ ರಕ್ತದಲ್ಲೂ ರೋಗ ಸಿಕ್ಕಿತು, ಇಬ್ಬರಿಗೂ ಸೂಜಿ ಬಿತ್ತು. ಮತ್ತೆ ಬಂದು ರಕ್ತ ತೋರಿಸಬೇಕು, ನಾನು ಹೇಳುವವರೆಗೆ ಬೇರೆ ಬೇರೆ ಮಲಗಬೇಕು ಎಂದು ಡಾಕ್ಟರು ಖಡಕ್ಕಾಗಿ ಹೇಳಿ ಕಳಿಸಿದರು. ಬಸ್ಸಿನಲ್ಲಿ ಬೋರಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಗಂಡ ತಂದುಕೊಟ್ಟ ಬಾಳೆಹಣ್ಣನ್ನು ತಿಂದು, ತಿರುಗಿ ನೋಡದೆ ಸಿಪ್ಪೆಯನ್ನು ಅವನ ಕೈಗಿಟ್ಟಳು. ಕುಲುಕಾಟಕ್ಕೆ ಕೂಸು ಒಂದು ಸಲ ಜೋರಾಗಿ ಒದ್ದಾಗ ಕಣ್ಣು ತುಂಬಿಬಂತು. ಸಿಟ್ಟು ಇಳಿದಿರಲಿಲ್ಲ, ಆದರೆ ಎದೆಯ ಮೇಲಿನ ಭಾರ ಇಳಿದಿತ್ತು.

ತಮ್ಮ ಹಟ್ಟಿಗೆ ಇನ್ನೂ ದೂರವಿರುವಾಗಲೇ ಅವಳು ಎದ್ದು ನಿಂತಳು.

"ಎಲ್ಲಿಗೇ? ಇದು ದೊಡ್ಡತಿಮ್ಮಪ್ಪನ ಹಟ್ಟಿ."

"ಹೂಂ. ನಿನ್ ಜತೆ ಮಂದೆಗೆ ಬಂದಿದ್ನಲ್ಲ, ಅವ್ನ ಹಟ್ಟೀನೇ. ಅವ್ನ ಹೆಂಡ್ತಿ ರಂಗಕ್ಕನೂ ಬಸುರಿ."

"ಬ್ಯಾಡ ಕಣೇ, ಮಾನ ಹೋಗುತ್ತೆ."

"ನಿನ್ ಮಾನ ಹೋದ್ರೆ ಹೋಗ್ಲಿ. ಅವಳ ಕೂಸು ಉಳೀಲಿ," ಎಂದು ಬೋರಕ್ಕ ಇಳಿದೇಬಿಟ್ಟಳು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು ಅನ್ನುವಷ್ಟರಲ್ಲಿ ಜಂಪಣ್ಣನೂ ಧುಮುಕಿ ಹಿಂದೆ ಓಡಿಬಂದ. "ಇರು, ನೀನು ಹೇಳ್ಬ್ಯಾಡ. ನಾನೇ ಹೇಳ್ತೀನಿ." ಬೆಳಗಿನಿಂದ ಮೊದಲ ಸಲ ಬೋರಕ್ಕ ಅವನ ಮುಖವನ್ನು ನೆಟ್ಟಗೆ ನೋಡಿದಳು.

ದೊಡ್ಡತಿಮ್ಮಪ್ಪ ಬೇವಿನ ಮರದಡಿ ಒಂದು ಕುರಿ ಕೆಡವಿಕೊಂಡು ಉಣ್ಣೆ ಕತ್ತರಿಸುತ್ತಿದ್ದ. ಜಂಪಣ್ಣ ಎದುರು ಕುಕ್ಕರಗಾಲಲ್ಲಿ ಕೂತು, ಮಳೆಯ ಮಾತಾಡಿ, ಮೇವಿನ ಮಾತಾಡಿ, ಕೊನೆಗೆ ಬೋರಕ್ಕ ಕೆಮ್ಮಿದ ಮೇಲೆ ದನಿ ತಗ್ಗಿಸಿದ. "ಲೇ ತಿಮ್ಮ, ಸಂತೆಗೆ ಹೋಗಿಬಂದ ಮ್ಯಾಲೆ ನಿಂಗೆ ಅಲ್ಲಿ ಹುಣ್ಣು ಏನಾದ್ರೂ ಆಗಿತ್ತಾ? ನಂಗಾಗಿತ್ತು. ಮಾಯ್ತು ಅಂದ್ಕಂಡಿದ್ದೆ, ಮಾಯ್ದಿರ್ಲಿಲ್ಲ. ಸೂಜಿ ಹಾಕಿಸ್ಕಂಡು ಬಂದ್ವಿ. ಇವಳ ಕೂಸಿಗೂ ಸೂಜಿ ತಲುಪುತ್ತಂತೆ."

ಕತ್ತರಿ ನಿಂತಿತು. ಹಿಡಿತ ಸಡಿಲವಾದದ್ದೇ ಕುರಿ ಒದರಿಕೊಂಡು ಎದ್ದು, ಅರ್ಧ ಉಣ್ಣೆ ಹೊತ್ತು ಅರ್ಧ ಬೋಳಾಗಿ, ಬಯಲಿನತ್ತ ಓಡಿತು. ದೊಡ್ಡತಿಮ್ಮಪ್ಪ ಅದರ ಕಡೆ ನೋಡಲಿಲ್ಲ. ಒಳಗೆ ರಂಗಕ್ಕ ಪಾತ್ರೆ ತೊಳೆಯುವ ಸದ್ದು ಬರುತ್ತಿದ್ದ ಬಾಗಿಲನ್ನೇ ನೋಡುತ್ತಾ ಕೇಳಿದ:

"ಹಿರಿಯೂರಿಗೆ ಈಗ ಬಸ್ಸು ಐತೇನಣ್ಣ?"