ಹನ್ನೊಂದು ನಿಮಿಷದ ಸಿನಿಮಾ, ಹದಿನೇಳು ತಪ್ಪು

"ನಿಲ್ಲಸ್ರಿ!" ಹಾಲಸಿದ್ದಪ್ಪನವರು ಮೂರನೆಯ ಸಲ ಎದ್ದು ನಿಂತರು.

ಪರದೆಯ ಮೇಲೆ ಸಿನಿಮಾ ನಿಂತಿತು. ಅದನ್ನು ತೆಗೆದ ದೀಪಿಕಾಳ ಉಸಿರೂ ನಿಂತಂತಾಯಿತು.

"ಈ ಫೋನಿನ ಡಬ್ಬಿ ಕೆಂಪಂದಿ. ಇದು ಕೆಂಪೇನವಾ? ಬಣ್ಣ ಹಾರೇತಿ."

"ಮೊಬೈಲಿನ್ಯಾಗ ತಗದೇನ್ರಿ. ಅಷ್ಟ ಬರ್ತೈತಿ."

"ಹೂಂ. ಹಿಂದಕ ಹೋಗ್ರಿ. ಇನ್ನೊಮ್ಮೆ ನೋಡೂಣು."

ಹಿಂದೆ ಖಾಲಿ ಚೀಲಗಳ ಮೇಲೆ ಕೂತಿದ್ದ ಬ್ಯಾಡಗಿಯ ಹಮಾಲರು ಮೊಣಕೈಯಿಂದ ಒಬ್ಬರನ್ನೊಬ್ಬರು ತಿವಿದು ನಕ್ಕರು. ದೀಪಿಕಾಳ ಕಿವಿ ಕೆಂಪಾಯಿತು. ಅದರ ಬಣ್ಣವಂತೂ ಹಾರಿರಲಿಲ್ಲ.

ಅದು ೨೦೦೮ರ ಫೆಬ್ರುವರಿಯ ಒಂದು ಭಾನುವಾರ. ಮೆಣಸಿನಕಾಯಿ ಮಾರುಕಟ್ಟೆಗೆ ರಜೆ. ವ್ಯಾಪಾರಿಗಳು ಪೈಪೋಟಿಯಲ್ಲಿ ಮಾಲಿಗೆ ದರ ಬರೆಯುವ ಟೆಂಡರ್ ಶೆಡ್ಡಿಗೆ ಸುತ್ತಲೂ ತಾಡಪತ್ರಿ ಕಟ್ಟಿ ಕತ್ತಲೆ ಮಾಡಲಾಗಿತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂದು ವರ್ಷಕ್ಕೊಂದು ಊರು ಸುತ್ತುವ 'ಅಂಗೈ ಚಿತ್ರೋತ್ಸವ'ಕ್ಕೆ ಇದು ನಾಲ್ಕನೆಯ ವರ್ಷ. ನಡೆಸುವವನು ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಕಲಿಸುವ ಶಶಿಕಾಂತ. ಷರತ್ತು ಒಂದೇ: ಸಿನಿಮಾವನ್ನು ಮೊಬೈಲಿನಲ್ಲೋ ಅಂಗೈಯಗಲದ ಕ್ಯಾಮೆರಾದಲ್ಲೋ ತೆಗೆದಿರಬೇಕು, ಕತ್ತರಿಸಿ ಜೋಡಿಸುವ ಕೆಲಸವನ್ನು ತಾವೇ ಮಾಡಿರಬೇಕು. ಬಾರದವರಿಗೆ ಕಲಿಸಲು ಶೆಡ್ಡಿನ ಮೂಲೆಯಲ್ಲಿ ನಾಲ್ಕು ಕಂಪ್ಯೂಟರ್‌ಗಳೂ ಇದ್ದವು.

ಮೊದಲ ಎರಡು ವರ್ಷ ಮೂವರು ತೀರ್ಪುಗಾರರಿದ್ದರು. ಅವರು ಈಗಲೂ ಒಬ್ಬರ ಜೊತೆ ಒಬ್ಬರು ಮಾತಾಡುವುದಿಲ್ಲ. ಮೂರನೆಯ ವರ್ಷ ಎಸ್ಸೆಮ್ಮೆಸ್ ಮೂಲಕ ಮತ ಹಾಕಿ ಎಂದರೆ, ಜಾಣ ಜನ ಬರೀ ಮಿಸ್ಡ್ ಕಾಲ್ ಕೊಟ್ಟರು. ಹಾಗಾಗಿ ಈ ಸಲ ಒಬ್ಬರೇ ತೀರ್ಪುಗಾರರು, ಸಿನಿಮಾದ ಗಂಧಗಾಳಿ ಇಲ್ಲದ ಮೆಣಸಿನಕಾಯಿ ವ್ಯಾಪಾರಿ ಹಾಲಸಿದ್ದಪ್ಪನವರು. ಬಹುಮಾನದ ಡಿಜಿಟಲ್ ಕ್ಯಾಮೆರಾ ಕೂಡ ಅವರದೇ ಕೊಡುಗೆ.

ದೀಪಿಕಾ ರಾಣೆಬೆನ್ನೂರಿನ ಟೇಲರ್ ಮಗಳು. ಬ್ಯಾಡಗಿಯ ಮಾರುಕಟ್ಟೆ ಯಾರ್ಡಿಗೆ ಕಾಲಿಟ್ಟಿದ್ದು ಇದೇ ಮೊದಲು. ಅವಳಿಗೆ ಆ ಕ್ಯಾಮೆರಾ ಬೇಕೇ ಬೇಕಿತ್ತು. ಸಿನಿಮಾ ತೆಗೆದ ಮೊಬೈಲು ಮಾವನದು, ಸೋಮವಾರ ಬೆಳಿಗ್ಗೆ ವಾಪಸ್ ಕೊಡಬೇಕು. ಮುಂದಿನ ಸಿನಿಮಾ ತಲೆಯೊಳಗೆ ತಯಾರಿತ್ತು. ಕ್ಯಾಮೆರಾ ಸಿಗದಿದ್ದರೆ ಅದು ಅಲ್ಲೇ ಕೊಳೆಯುತ್ತಿತ್ತು.

ಅವಳ ಸಿನಿಮಾದ ನಾಯಕಿ ಬಸ್‌ಸ್ಟ್ಯಾಂಡಿನಲ್ಲಿ ನಾಣ್ಯದ ಫೋನ್ ಇಟ್ಟುಕೊಂಡ ಮುದುಕಿ ಗುತ್ತೆವ್ವ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಆ ಫೋನಿಗೆ ಗಿರಾಕಿಗಳಿಲ್ಲ. ಆದರೆ ಗುತ್ತೆವ್ವನಿಗೆ ಊರಿನ ನಾನೂರು ನಂಬರು ಬಾಯಿಪಾಠ. ಮೊಬೈಲ್ ಕಳೆದುಕೊಂಡವರೆಲ್ಲ ತಮ್ಮ ಹೆಂಡತಿಯ ನಂಬರು ಕೇಳಲು ಅವಳ ಮುಂದೆ ಸಾಲು ನಿಲ್ಲುತ್ತಾರೆ. ಹನ್ನೊಂದು ನಿಮಿಷದ ಈ ಕಥೆಯಲ್ಲಿ ಹಾಲಸಿದ್ದಪ್ಪನವರು ಹದಿನೇಳು ತಪ್ಪು ಹುಡುಕಿದ್ದರು. ಧ್ವನಿ ಹಸಿ. ನೆರಳು ಜಾಸ್ತಿ. ಮುದುಕಿ ಕೆಮ್ಮುತ್ತಾಳೆ. ಒಂದು ನಾಯಿ ಸುಮ್ಮನೆ ಹಾಯುತ್ತದೆ.

ಹಾವೇರಿಯ ಫೋಟೋ ಸ್ಟುಡಿಯೋದ ಮಧುವಿನ ಸಿನಿಮಾದಲ್ಲಿ ಮೋಟಾರ್ ಸೈಕಲ್ಲೊಂದು ಕಂಪ್ಯೂಟರ್ ಕೃಪೆಯಿಂದ ರೈಲಿನ ಮೇಲೆ ಹಾರಿತ್ತು. ಅದಕ್ಕೆ ಹಾಲಸಿದ್ದಪ್ಪನವರು ಕೂತಲ್ಲಿಂದಲೇ, "ಬಾಳ ಛಲೋ ಐತಿ. ಮುಂದ?" ಎಂದಿದ್ದರು. ಮಧು ಆಗಲೇ ಎರಡು ಡಬ್ಬಿ ಪೇಡೆ ತರಿಸಿದ್ದ.

ಮಧ್ಯಾಹ್ನದ ಊಟದಲ್ಲೂ ಹಾಲಸಿದ್ದಪ್ಪನವರದು ಅದೇ ಗುಣ. ಎಣ್ಣೆಗಾಯಿಗೆ ಉಪ್ಪು ಸಾಲದು, ಬದನೆಕಾಯಿ ಬಲಿತಿದೆ ಎಂದು ಗೊಣಗುತ್ತಲೇ ಮೂರು ಸಲ ಹಾಕಿಸಿಕೊಂಡರು. ಶಿರಾ ಬಹಳ ಚೆನ್ನಾಗಿದೆ ಎಂದು ಹೊಗಳಿ ಎಲೆಯ ತುದಿಗೆ ಸರಿಸಿದರು. ಇಂಥವರನ್ನು ಮೆಚ್ಚಿಸುವುದು ಬದನೆಕಾಯಿಯಿಂದಲೂ ಆಗದ ಕೆಲಸ ಎಂದು ದೀಪಿಕಾಳಿಗೆ ಅಳು ಬಂತು.

ಊಟದ ನಂತರ ಅವರು ಅವಳ ಸಿನಿಮಾವನ್ನೇ ಮತ್ತೊಮ್ಮೆ ಹಾಕಿಸಿದರು.

"ಕಡೀ ಎರಡು ನಿಮಿಷ ತಗದು ಬಿಡ್ತೀಯೇನು?"

"ಒಂದು ಸೆಕೆಂಡೂ ತಗ್ಯಂಗಿಲ್ರಿ." ಅವಳ ತಾಳ್ಮೆ ಕಿತ್ತುಹೋಗಿತ್ತು. "ಬೇಕಾದ್ರ ತಗೋರಿ, ಇಲ್ಲಾಂದ್ರ ಬಿಡ್ರಿ!"

ಹಮಾಲರು ಹೋ ಎಂದರು. ಹಾಲಸಿದ್ದಪ್ಪನವರು ಟವಲಿನಿಂದ ಮುಖ ಒರೆಸಿಕೊಂಡು ಕೂತುಬಿಟ್ಟರು.

ದೀಪಿಕಾ ಚೀಲ ಹೆಗಲಿಗೇರಿಸಿ ಶಶಿಕಾಂತನ ಬಳಿಗೆ ಹೋದಳು. "ನನ್ನ ಸಿನಿಮಾ ಪಟ್ಟಿಯಿಂದ ತಗದಬಿಡ್ರಿ ಸರ್. ಐದರ ಗಾಡಿಗೆ ಹೊಂಟೇನಿ."

ಶಶಿಕಾಂತನಿಗೂ ಬೇಸರವಾಗಿತ್ತು. ಪಟ್ಟಿ ತೆಗೆದು ಅವಳ ಹೆಸರಿನ ಮೇಲೆ ಪೆನ್ನಿಟ್ಟ. ಅಷ್ಟರಲ್ಲಿ ಹಮಾಲರ ಮುಖಂಡ ತಿರಕಪ್ಪ ಎರಡು ಕೈಯಲ್ಲೂ ಚಹಾ ಹಿಡಿದು ಬಂದ. "ಲಗೂ ಕುಡೀರಿ. ತಂಗಿ, ನಿನ್ನ ನಸೀಬ ದೊಡ್ಡದ ಬಿಡವಾ! ನಮ್ಮ ಸಾವಕಾರ್ರು ಇಷ್ಟು ತಪ್ಪು ತಗದು ಹೆಸರಿಟ್ಟಿದ್ದು ನಾ ಎಂದೂ ನೋಡಿಲ್ಲ."

ಗಾಯದ ಮೇಲೆ ಖಾರ ಸುರಿಯುವುದೆಂದರೆ ಇದೇ ಎಂದುಕೊಂಡು ಅವಳು ಚಹಾ ಮುಟ್ಟಲಿಲ್ಲ.

ಮೈಕು ಕರ್ರೆಂದಿತು.

"ಮಧುನ ಸಿನಿಮಾ ಬಾಳ ಛಲೋ ಐತಿ," ಎಂದರು ಹಾಲಸಿದ್ದಪ್ಪನವರು. ಮಧು ಪೇಡೆಯ ಡಬ್ಬಿ ಬಿಚ್ಚಿದ. "ಉಳಿದಾವೂ ಬಾಳ ಛಲೋ ಅದಾವ. ಕ್ಯಾಮೆರಾ ಗುತ್ತೆವ್ವನ ಸಿನಿಮಾ ತಗದ ಹುಡುಗೀಗೆ. ಎಲ್ಲದಾಳ? ಬಾ ಇಲ್ಲೆ!"

ಶಶಿಕಾಂತನ ಪೆನ್ನು ಹೆಸರಿನ ಮೇಲೇ ನಿಂತಿತು. ಪೇಡೆ ಮಧುವಿನ ಬಾಯಲ್ಲೇ ಉಳಿಯಿತು. ಇಡೀ ಶೆಡ್ಡಿನಲ್ಲಿ ಆಶ್ಚರ್ಯವಾಗದೇ ಇದ್ದದ್ದು ಬ್ಯಾಡಗಿಯ ಹಮಾಲರಿಗೆ ಮಾತ್ರ. ಅವರು ಆಗಲೇ ಸಿಳ್ಳೆ ಹಾಕುತ್ತಿದ್ದರು.

ದೀಪಿಕಾ ಕ್ಯಾಮೆರಾ ತೆಗೆದುಕೊಂಡಳು. "ಮತ್ತ... ಮುಂಜಾನಿಂದ ಅಷ್ಟೆಲ್ಲ ಹೆಸರಿಟ್ರಲ್ರಿ, ಯಾಕ?"

ಹಾಲಸಿದ್ದಪ್ಪನವರು ಅವಳನ್ನೇ ವಿಚಿತ್ರವಾಗಿ ನೋಡಿದರು. "ಏ ಹುಚ್ಚಿ, ಮನಸಿಗೆ ಬಂದ ಮಾಲನ್ನ ನಾಲ್ಕು ಮಂದಿ ಮುಂದ ಹೊಗಳಿದ್ರ, ಈ ಯಾರ್ಡಿನ್ಯಾಗ ಅದು ನಮ್ಮ ಕೈಗೆ ಸಿಗ್ತೈತೇನು?"